ಪೂಜೆಗೆ ಕೂತ ಪ್ರೊಪೆಲ್ಲರ್ ಶಾಫ್ಟ್

ತುಕ್ಕು ಬಿಡಿಸಲು ಮೆಕ್ಯಾನಿಕ್ ಯಾಕೆ? ಕೇಂದ್ರ ಸರ್ಕಾರದ ಫೈಲುಗಳನ್ನೇ ಅಲ್ಲಾಡಿಸಿದ ನನಗೆ ನಾಲ್ಕು ಬೋಲ್ಟು ಯಾವ ಲೆಕ್ಕ!

ನಮ್ಮ ಹಳೆಯ ಕಾರಿನ ಹೊಟ್ಟೆಯಡಿ ಒಂದು ಉದ್ದನೆಯ ಕಬ್ಬಿಣದ ದಂಡವಿತ್ತು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟ್. ಅದಕ್ಕೆ ತುಕ್ಕು ಹಿಡಿದು ಕಾರು ಕಟಕಟ ಎನ್ನುತ್ತಿತ್ತು. ಆಯುಧಪೂಜೆಯ ಸಂಜೆ ರಾಜಧಾನಿಯ ಕರೋಲ್ ಬಾಗ್‌ನಲ್ಲಿ ಕನ್ನಡಿಗರ ಕಾರ್ಯಕ್ರಮ. ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನ ಹೆಂಡತಿ ಸುಮಾ ವೇದಿಕೆ ಹತ್ತಿ ಹಾಡುವವಳಿದ್ದಳು. "ರಾಣಿಯ ಹಾಗೆ ಕರ್ಕೊಂಡು ಹೋಗ್ತೀನಿ" ಎಂದೆ.

ಹಿಂದಿನ ದಿನ ಸರೋಜಿನಿ ನಗರದ ಕ್ವಾರ್ಟರ್ಸ್ ಮುಂದೆ ಕಾರಿನಡಿ ಮಲಗಿ ಶಾಫ್ಟ್ ಕಳಚಿದೆ. ಗೇರ್‌ಬಾಕ್ಸಿನ ಎಣ್ಣೆ ನನಗೆ ಅಭ್ಯಂಜನ ಮಾಡಿಸಿತು. ಒಳಗೆ ಅಮ್ಮ ಪೂಜೆಯ ಪಾತ್ರೆಗಳನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದಳು. ಹಿತ್ತಾಳೆ ಹೊಳೆದರೆ ಕಬ್ಬಿಣವೇಕೆ ಹೊಳೆಯಬಾರದು? ನಾನೂ ತಿಕ್ಕಿದೆ. ಹೊಳೆಯಿತು. ಬೆಳಗ್ಗೆ ನೋಡಿದರೆ ಉಪ್ಪಿನ ಕೃಪೆಯಿಂದ ಮೊದಲಿಗಿಂತ ಕೆಂಪು!

"ಏನ್ರೀ, ಪೂಜೆಗೆ ಮೊದಲೇ ಕುಂಕುಮ ಹಚ್ಚಿಬಿಟ್ರಾ?" ಎಂದಳು ಸುಮಾ.

ಮತ್ತೆ ಉಜ್ಜಿ, ತೊಳೆದು, ಒರೆಸಿ, ಊರಿಂದ ತಂದ ಹರಳೆಣ್ಣೆ ಬಳಿದೆ. ಅಷ್ಟು ಚಂದದ ವಸ್ತುವನ್ನು ಕಾರಿನಡಿ ಬಚ್ಚಿಡಲು ಮನಸ್ಸಾಗಲಿಲ್ಲ. ಸ್ಪ್ಯಾನರುಗಳ ಜೊತೆ ದೇವರ ಮುಂದೆ ಇಟ್ಟೆ. ಅಮ್ಮ ಗಂಧ, ಹೂವು ಏರಿಸಿ ಮಂಗಳಾರತಿ ಎತ್ತಿದಳು.

ಊಟವಾದ ಮೇಲೆ ಜೋಡಿಸೋಣವೆಂದು ಕೈ ಹಾಕಿದೆ.

"ಮುಟ್ಟಬೇಡ. ಪೂಜೆಗೆ ಕೂತ ಆಯುಧ ಏಳೋದು ನಾಳೆ ಬೆಳಗ್ಗೆಯೇ," ಎಂದಳು ಅಮ್ಮ.

"ಅಮ್ಮಾ, ಅದಿಲ್ಲದೆ ಕಾರು ಹೋಗಲ್ಲ."

"ಇಡೋವಾಗ ಗೊತ್ತಿರಲಿಲ್ವಾ?"

ಗೊತ್ತಿತ್ತು. ಮುಟ್ಟುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಚಿಕ್ಕಂದಿನಲ್ಲಿ ಗಣಿತದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಪೂಜೆಗಿಡುತ್ತಿದ್ದ ಭಕ್ತ ನಾನೇ.

ರೇಷ್ಮೆ ಸೀರೆಯುಟ್ಟ ಸುಮಾ ಗಡಿಯಾರ ನೋಡುತ್ತ ನಿಂತಳು, ಕಣ್ಣು ತುಂಬಿತ್ತು. ನಮ್ಮ ಕಡೆಗೆ ಮೆಟ್ರೋ ಇನ್ನೂ ಬಂದಿರಲಿಲ್ಲ. ರಾಮಲೀಲಾದ ಗದ್ದಲದಲ್ಲಿ ಒಬ್ಬ ಆಟೋದವನೂ ಕರೋಲ್ ಬಾಗ್‌ಗೆ ಒಪ್ಪಲಿಲ್ಲ. ಕೊನೆಗೆ ಪಕ್ಕದ ಮನೆಯ ಚಡ್ಡಾ ಆಂಟಿ ಸ್ಕೂಟರ್ ತೆಗೆದರು. "ಚಲೋ ಸುಮಾ, ಬೈಠೋ. ಭಾಯಿಸಾಬ್ ಪೂಜಾ ಕರೇಂಗೆ."

ಸ್ಕೂಟರಿನ ಹಿಂದೆ ಜಾಗವಿದ್ದದ್ದು ಒಬ್ಬರಿಗೆ. ಭಾಯಿಸಾಬ್ ಅಂದರೆ ನಾನು, ಪೂಜೆ ಮಾಡಿಕೊಂಡು ಮನೆಯಲ್ಲೇ ಉಳಿದೆ.

ರಾತ್ರಿ ಸುಮಾ ಮುಖವರಳಿಸಿಕೊಂಡು ಬಂದಳು. ಜನ "ಒನ್ಸ್ ಮೋರ್" ಅಂದರಂತೆ. ಊರವರೆಲ್ಲ ಕೇಳಿದ್ದನ್ನು ನಾನೊಬ್ಬ ಕೇಳಲಿಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಯಿತು.

"ಒಂದ್ಸಲ ನನಗೂ ಹಾಡೇ," ಎಂದೆ.

"ಗಂಟಲು ನೋಯ್ತಿದೆ. ದೇವರ ಮುಂದೆ ಕೂತಿದೆಯಲ್ಲ, ಅದರ ಹತ್ರ ಹಾಡಿಸ್ಕೊಳ್ಳಿ. ಹೇಗಿದ್ರೂ ಬೆಳಗಿನ ತನಕ ಅದೂ ಎಲ್ಲೂ ಹೋಗಲ್ಲ, ನೀವೂ ಹೋಗಲ್ಲ."