ಕಾರ್ಡು ಮೇಲೆದ್ದ ಶುಕ್ರವಾರ

"ಏನೋ ಕಮ್ಮಿ ಇದೆ" ಎಂದು ಕಂಪನಿಯ ಯಜಮಾನ ಡೂಗಲ್ಡ್ ಮೆಕೈಸಕ್ ಅಂದದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಏನು ಕಮ್ಮಿ ಎಂದು ಹೇಳಲಿಲ್ಲ. ಹೇಳುವ ಅಭ್ಯಾಸ ಅವನಿಗೆ ಇರಲೂ ಇಲ್ಲ. ಫೋನನ್ನು ಮೇಜಿನ ಮೇಲೆ ಸರಿಸಿ, ಓಟ್‌ಕೇಕ್ ಒಂದನ್ನು ಚಹಾದಲ್ಲಿ ಅದ್ದಿ, "ಮೂರು ಗಂಟೆಗೆ ಕ್ಯಾಪ್ಟನ್ ಬರ್ತಾರೆ. ಅಷ್ಟರೊಳಗೆ ಏನಾದ್ರೂ ಮಾಡು" ಎಂದವನೇ ತನ್ನ ಕೋಣೆಗೆ ನಡೆದುಬಿಟ್ಟ.

ಲಿಯಾಂಡರ್ ಜ್ವಿಕರ್‌ನ ಕಿವಿಗಳು ಕೆಂಪಾದವು. ಡಾರ್ಟ್‌ಮತ್ ಬಂದರಿನ ಎದುರು, ಮೀನು ಬಲೆ ಮಾರುವ ಅಂಗಡಿಯ ಮಹಡಿಯಲ್ಲಿದ್ದ ಆ ಪುಟ್ಟ ಕಂಪನಿಯಲ್ಲಿ ಆ್ಯಪ್‌ಗಳಿಗೆ ಕೋಡು ಬರೆಯುವವನು ಅವನೊಬ್ಬನೇ. ಅವನು ಬರೆದದ್ದನ್ನು ನೋಡಿ ಅಭಿಪ್ರಾಯ ಹೇಳುವವರು ಮಾತ್ರ ನಾಲ್ಕು ಜನ.

ಈ ಸಲ ಆ ಕ್ಯಾಪ್ಟನ್ ಅವರ ಕಂಪನಿಯ ಆ್ಯಪ್, ಜನರನ್ನು ನೀರು ದಾಟಿಸುವ ಫೆರಿ ಹಡಗುಗಳದು. ಫೆರಿ ಹೊರಡುವ ಹೊತ್ತಿನ ಪಟ್ಟಿಯಲ್ಲಿ ಒಂದನ್ನು ಒತ್ತಿದರೆ, ಅದರ ವಿವರವಿರುವ ಪರದೆ ಇಸ್ಪೀಟು ಎಲೆಯ ಹಾಗೆ ಕೆಳಗಿನಿಂದ ಮೇಲಕ್ಕೆ ಜಾರಿಬರಬೇಕು. ಅದು ಬರುವಾಗ ಹಿಂದಿನ ಪರದೆ, ಮದುವೆಮನೆಯಲ್ಲಿ ಹಿರಿಯರಿಗೆ ಜಾಗ ಬಿಡುವವರಂತೆ, ಒಂದಿಷ್ಟು ಕುಗ್ಗಿ ಮಬ್ಬಾಗಿ ಹಿಂದೆ ಸರಿಯಬೇಕು. ಬೆರಳಿಟ್ಟು ಕೆಳಗೆ ಎಳೆದರೆ ಕಾರ್ಡು ಬೆರಳಿನ ಜೊತೆಗೇ ಇಳಿಯಬೇಕು. ಅರ್ಧದಲ್ಲಿ ಕೈಬಿಟ್ಟರೆ ತಾನಾಗಿ ವಾಪಸ್ ಏರಬೇಕು. ಫೋನಿನಲ್ಲಿ ಸಿದ್ಧವಾಗಿ ಸಿಗುವ ಕಾರ್ಡು ಡೂಗಲ್ಡ್‌ಗೆ ಹಿಡಿಸಿರಲಿಲ್ಲ. "ಅದು ಎಲ್ರ ಹತ್ರಾನೂ ಇದೆ" ಎಂದಿದ್ದ. ಹಾಗಾಗಿ ಲಿಯಾಂಡರ್ ಮೂರು ವಾರ ಕೂತು ಎಲ್ಲವನ್ನೂ ಕೈಯಾರೆ ಕಟ್ಟಿದ್ದ. ಕಾರ್ಡಿನೊಳಗಿನ ಪಟ್ಟಿಯನ್ನು ಸರಿಸಲು ಹೋದರೆ ಕಾರ್ಡೇ ಕೆಳಗೆ ಬಿದ್ದುಹೋಗುವ ಒಂದು ತೊಂದರೆಗೇ ಆರು ದಿನ ಹೋಗಿತ್ತು. ಈಗ ಅದು ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸದ್ದಿಲ್ಲದೆ ಆಡುತ್ತಿತ್ತು. ಅದಕ್ಕೆ ಸಿಕ್ಕಿದ ಪ್ರಶಸ್ತಿ, "ಏನೋ ಕಮ್ಮಿ ಇದೆ!"

"ಏನ್ ಕಮ್ಮಿ ಅಂತ ನಂಗೊತ್ತು" ಎನ್ನುತ್ತ ಒಡೆಟ್ ಕೊಮೊ ಕುರ್ಚಿಯನ್ನು ಉರುಳಿಸಿಕೊಂಡೇ ಬಂದಳು. ಪರದೆಗಳ ಬಣ್ಣ, ಆಕಾರ ಎಲ್ಲ ಅವಳದು. "ಜೀವ ಇಲ್ಲ ಮಾರಾಯ. ಬಂದು ಸುಮ್ನೆ ನಿಂತ್ಕೊಳುತ್ತೆ, ಸರ್ಕಾರಿ ನೋಟೀಸ್ ಥರ. ಸ್ವಲ್ಪ ಪುಟೀಬೇಕು."

"ಪುಟಿದ್ರೆ ಮೇಲಕ್ಕೆ ಹಾರುತ್ತೆ ಒಡೆಟ್. ಮೇಲಕ್ಕೆ ಹಾರಿದ್ರೆ ಕೆಳಗಡೆ ಸಂದಿ ಬಿಡುತ್ತೆ. ಸಂದೀಲಿ ಹಿಂದಿನ ಪರದೆ ಇಣುಕುತ್ತೆ."

"ಸಂದಿ ಮುಚ್ಚು. ಮತ್ತೆ ನೀನಿರೋದ್ಯಾಕೆ?"

ಲಿಯಾಂಡರ್ ಹಲ್ಲು ಕಚ್ಚಿಕೊಂಡು ಸಂದಿ ಮುಚ್ಚಿದ. ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡುವ ಹಾಗೆ ಕಾರ್ಡಿನ ಬುಡವನ್ನು ಪರದೆಯಿಂದಾಚೆ ಇಳಿಬಿಟ್ಟ. ಕಾರ್ಡು ಪುಟಿಯಿತು. ಗಂಟೆ ಹನ್ನೊಂದಾಯಿತು.

ಹನ್ನೊಂದೂ ಐದಕ್ಕೆ ಗಾರ್ನೆಟ್ ಹಿಲ್ಟ್ಸ್ ಬಂದ. ಗಿರಾಕಿಗಳನ್ನು ಹಿಡಿದು ತರುವುದು ಅವನ ಕೆಲಸ. ಲಿಯಾಂಡರನ ಹೆಗಲ ಮೇಲೆ ಕೈಯಿಟ್ಟು ಕಾರ್ಡು ಪುಟಿಯುವುದನ್ನು ಎರಡು ಸಲ ನೋಡಿದ.

"ಚೆನ್ನಾಗಿದೆ. ಆದ್ರೆ ಇದು ಫೆರಿ ಆ್ಯಪ್ ಕಣಯ್ಯಾ! ಸಮುದ್ರ ಎಲ್ಲಿ? ಕಾರ್ಡು ಅಲೆ ಮೇಲೆ ದೋಣಿ ಬಂದ ಹಾಗೆ ಬರ್ಬೇಕು. ಈ ಕಡೆ ವಾಲಿ, ಆ ಕಡೆ ವಾಲಿ... ಕ್ಯಾಪ್ಟನ್ ಕಣ್ಣಲ್ಲಿ ನೀರು ಬರ್ಬೇಕು."

"ನನ್ನ ಕಣ್ಣಲ್ಲಿ ಬರ್ತಿದೆ, ಸಾಲ್ದಾ?"

"ವಾಲಲಿ!" ಎಂದು ಡೂಗಲ್ಡ್‌ನ ದನಿ ಕೋಣೆಯೊಳಗಿನಿಂದ ಬಂತು. "ಅದೇ ಕಮ್ಮಿ ಆಗಿದ್ದು! ಮತ್ತೆ ನಿಧಾನಕ್ಕೆ ಬರ್ಲಿ. ಹಡಗು ಅಂದ್ರೆ ಒಂದು ಗಾಂಭೀರ್ಯ ಇರ್ಬೇಕು."

ಲಿಯಾಂಡರ್ ಎದ್ದು ಹೋಗಿ ಬಾಗಿಲಲ್ಲಿ ನಿಂತ. "ಡೂಗಲ್ಡ್, ಪುಟೀಬೇಕು, ವಾಲ್ಬೇಕು, ಗಂಭೀರವಾಗೂ ಇರ್ಬೇಕಾ? ಯಾವ ಹಡಗು ಹಾಗಿರುತ್ತೆ, ತೋರಿಸಿ ನೋಡೋಣ!"

"ಅದನ್ನ ಹುಡುಕೋಕೇ ನಿನಗೆ ಸಂಬಳ" ಎಂದ ಡೂಗಲ್ಡ್, ಫೋನಿನಿಂದ ತಲೆ ಎತ್ತದೆ.

ಮೂರು ವಾರ ಮಗುವಿನ ಹಾಗೆ ನೋಡಿಕೊಂಡ ಕಾರ್ಡಿಗೆ ಇವರು ಗೆಜ್ಜೆ ಕಟ್ಟಿ, ಹೆಂಡ ಕುಡಿಸಿ, ಕೊನೆಗೆ ಪೇಟ ಬೇರೆ ಸುತ್ತುತ್ತಿದ್ದಾರೆ ಎಂದು ಲಿಯಾಂಡರನ ಹೊಟ್ಟೆ ಉರಿಯಿತು. ಆದರೂ ಬರೆದ. ಊಟಕ್ಕೆ ತಂದಿದ್ದ ಮೀನಿನ ಸೂಪು ಡಬ್ಬಿಯಲ್ಲೇ ಆರಿ ಕೆನೆಗಟ್ಟಿತು.

ಒಂದೂವರೆಗೆ, ಮುಂಬಾಗಿಲ ಮೇಜಿನಲ್ಲಿ ಕೂರುವ ಬರ್ತಾ ಕೋರ್ಕಮ್‌ಗೆ ತನ್ನ ಫೋನಿನಲ್ಲಿ ನೋಡಲು ಹೇಳಿದರು. ಬರ್ತಾ ಅರವತ್ತರ ಹೆಂಗಸು. ಆ್ಯಪ್ ಯಾವುದಿದ್ದರೂ ಹಾಳು ಮಾಡುವುದರಲ್ಲಿ ಅವಳ ಕೈಗುಣಕ್ಕೆ ಎಣೆಯಿಲ್ಲ. ಒಂದು ಕೈಯಲ್ಲಿ ಚಹಾ ಲೋಟ ಹಿಡಿದು ಬಂದು ಲಿಯಾಂಡರನ ಪಕ್ಕವೇ ನಿಂತು ಒತ್ತಿದಳು. ಕಾರ್ಡು ಗಂಭೀರವಾಗಿ ಏಳತೊಡಗಿತು. ಎಷ್ಟು ಗಂಭೀರವಾಗಿ ಎಂದರೆ, ಬರ್ತಾ ಮತ್ತೆ ಒತ್ತಿದಳು. ಮತ್ತೂ ಒತ್ತಿದಳು.

"ಬರ್ತಾ ಆಂಟಿ, ಎಷ್ಟು ಸಲ ಒತ್ತಿದ್ರಿ?"

"ಎರಡು ಸಲ ಕಂದಾ. ಬರ್ಲೇ ಇಲ್ವಲ್ಲ. ಏಳೆಂಟು ಇರ್ಬಹುದು."

ಏಳು ಕಾರ್ಡುಗಳು ಒಂದರ ಬೆನ್ನಿಗೊಂದು ಮೇಲೆದ್ದವು. ಪ್ರತಿ ಕಾರ್ಡು ಬಂದಾಗಲೂ ಹಿಂದಿನದು ಕುಗ್ಗಬೇಕೆಂಬ ನಿಯಮವಿತ್ತಲ್ಲ, ಮೊದಲನೆಯ ಪರದೆ ಕುಗ್ಗಿ ಕುಗ್ಗಿ ಅರ್ಧಕ್ಕೆ ಇಳಿಯಿತು. ಏಳೂ ಸೇರಿ ಗಾಳಿಗೆ ಸಿಕ್ಕ ಒಗೆದ ಬಟ್ಟೆಗಳಂತೆ ಎಡಕ್ಕೂ ಬಲಕ್ಕೂ ತೂಗಾಡಿದವು. ಕಣ್ಣು ಕೀಳದೆ ನೋಡುತ್ತಿದ್ದ ಬರ್ತಾ, ಕಾರ್ಡು ಎಡಕ್ಕೆ ವಾಲಿದಾಗ ತಾನೂ ಎಡಕ್ಕೆ ವಾಲಿದಳು. ಬಲಕ್ಕೆ ವಾಲಿದಾಗ ತಾನೂ ಬಲಕ್ಕೆ ವಾಲಿದಳು. ಬಲಗೈಯಲ್ಲಿದ್ದ ಚಹಾ ಲಿಯಾಂಡರನ ಕೀಬೋರ್ಡಿನ ಮೇಲೆ ಪೂರ್ತಿ ಸುರಿಯಿತು.

"ಅಯ್ಯೋ, ನಿನ್ನ ಕಾರ್ಡೇ ತಳ್ಳಿತು ನನ್ನ!" ಎಂದಳು ಬರ್ತಾ.

ಉಳಿದ ಒಂದೂಕಾಲು ಗಂಟೆಯನ್ನು ಲಿಯಾಂಡರ್ ಯಾರದೋ ಹಳೆಯ ಕೀಬೋರ್ಡಿನಲ್ಲಿ ಕುಟ್ಟುತ್ತ ಕಳೆದ. ಒಂದು ಕಾರ್ಡು ಏಳುತ್ತಿರುವಾಗ ಇನ್ನೊಂದು ಏಳದಂತೆ ಮಾಡುವಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು.

ಕ್ಯಾಪ್ಟನ್ ವರ್ನಾ ಬುಟಿಲಿಯೆ ಬಂದರು. ನಲವತ್ತೊಂದು ವರ್ಷ ಫೆರಿ ನಡೆಸಿ, ಈಗ ಆ ಫೆರಿ ಕಂಪನಿಯನ್ನೇ ನಡೆಸುತ್ತಿದ್ದ ಹೆಂಗಸು. ಡೂಗಲ್ಡ್ ದೊಡ್ಡ ಪರದೆಯ ಮೇಲೆ ತೋರಿಸಲು ಹೋದರೆ, "ಬೇಡ್ರೀ. ನನ್ನ ಫೋನಿಗೇ ಹಾಕಿಕೊಡಿ" ಎಂದರು. ಗಾರ್ನೆಟ್ ಹಾಕಿಕೊಟ್ಟ. ಎಲ್ಲರೂ ಅವರ ಸುತ್ತ ನಿಂತರು.

ಕ್ಯಾಪ್ಟನ್ ನಾಲ್ಕೂವರೆಯ ಫೆರಿಯನ್ನು ಒತ್ತಿದರು.

ಏನೂ ಪುಟಿಯಲಿಲ್ಲ. ಏನೂ ವಾಲಲಿಲ್ಲ. ವಿವರದ ಪರದೆ ಮೊದಲಿನಿಂದಲೂ ಅಲ್ಲೇ ಇತ್ತೇನೋ ಎನ್ನುವಂತೆ ತಟ್ಟನೆ ಕಂಡಿತು. ಅಷ್ಟೇ.

ನಾಲ್ಕು ಜೊತೆ ಕಣ್ಣುಗಳು ಲಿಯಾಂಡರನ ಕಡೆ ತಿರುಗಿದವು. "ಎಲ್ಲಿ ಹೋಯ್ತೋ ಕಾರ್ಡು?" ಎಂದು ಡೂಗಲ್ಡ್ ಹಲ್ಲಿನ ನಡುವಿನಿಂದ ಕೇಳಿದ.

ಲಿಯಾಂಡರನಿಗೆ ಗೊತ್ತಾಗಿಹೋಯಿತು. ಪರದೆಯ ಓಡಾಟ ನೋಡಿ ತಲೆಸುತ್ತುವವರಿಗೆಂದೇ ಫೋನಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿಟ್ಟವರ ಫೋನಿನಲ್ಲಿ ಕಾರ್ಡು ಕುಣಿಯಬಾರದು ಎಂದು ಅವನು ಕೋಡಿನಲ್ಲಿ ಎರಡು ಸಾಲು ಬರೆದಿದ್ದ. ಯಾರೂ ಕೇಳಿರಲಿಲ್ಲ, ಮನುಷ್ಯತ್ವಕ್ಕೆಂದು ತಾನಾಗಿ ಬರೆದದ್ದು.

"ಭೇಷ್!" ಎಂದರು ಕ್ಯಾಪ್ಟನ್. ಇನ್ನೊಮ್ಮೆ ಒತ್ತಿದರು. "ಭೇಷ್! ಚಂಡಮಾರುತದಲ್ಲೂ ಒಂದು ದಿನ ವಾಂತಿ ಮಾಡ್ಕೊಂಡವಳಲ್ಲ ನಾನು. ಆದ್ರೆ ಈ ಫೋನ್ ಪರದೆ ಕುಣಿಯೋಕೆ ಶುರುವಾದ್ರೆ ಹೊಟ್ಟೆ ತೊಳಸುತ್ತೆ. ಹೋದ ತಿಂಗ್ಳು ಹಲ್ಲಿನ ಡಾಕ್ಟರ ಹೂವಿನ ಕುಂಡ ಹಾಳು ಮಾಡಿ ಬಂದೆ. ಮೊಮ್ಮಗಳು ಏನೋ ಒತ್ತಿ, ಕುಣಿಬೇಡ ಅಂತ ಹೇಳಿಟ್ಟಿದ್ದಾಳೆ, ಆದ್ರೂ ಎಷ್ಟೋ ಆ್ಯಪ್‌ಗಳು ಕೇಳೋದೇ ಇಲ್ಲ. ಕೇಳಿದ್ದು ಇದೊಂದೇ. ಯಾರದ್ರೀ ಈ ಬುದ್ಧಿ?"

"ನಮ್ಮ ಕಂಪನಿಯ ನೀತಿಯೇ ಅದು ಕ್ಯಾಪ್ಟನ್" ಎಂದ ಡೂಗಲ್ಡ್, ಕಣ್ಣು ಮಿಟುಕಿಸದೆ.

"ಸ್ತಬ್ಧತೆ ಅನ್ನೋದೂ ಒಂದು ವಿನ್ಯಾಸ" ಎಂದಳು ಒಡೆಟ್.

"ಅಲೆ ಇಲ್ಲದ ಸಮುದ್ರ!" ಎಂದ ಗಾರ್ನೆಟ್. "ನಾನು ಬೆಳಿಗ್ಗೆನೇ ಹೇಳಿದ್ದೆ."

ಬರ್ತಾ ಕೂಡ ಏನೋ ಹೇಳಲು ಬಾಯಿ ತೆರೆದಳು. ಲಿಯಾಂಡರನ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು.

"ಸುಳ್ಳು! ಇವ್ರು ಯಾರಿಗೂ ಅದರ ಗಂಧವೇ ಗೊತ್ತಿಲ್ಲ ಕ್ಯಾಪ್ಟನ್! ಬೆಳಿಗ್ಗೆಯಿಂದ ಕುಣಿಸು, ವಾಲಿಸು, ತೂಗಿಸು ಅಂತ ನನ್ನ ಪ್ರಾಣ ತಿಂದಿದ್ದಾರೆ. ಅದನ್ನ ಬರೆದಿದ್ದು ನಾನು. ನಾನೊಬ್ಬನೇ. ಎರಡೇ ಸಾಲು, ಐದೇ ನಿಮಿಷ. ಯಾರನ್ನೂ ಕೇಳ್ದೆ ಬರೆದೆ!"

ಹತ್ತು ವರ್ಷದಲ್ಲಿ ಮೊದಲ ಸಲ ಲಿಯಾಂಡರನ ಎದೆ ಹಗುರವಾಗಿತ್ತು.

"ಐದು ನಿಮಿಷ?" ಎಂದರು ಕ್ಯಾಪ್ಟನ್.

"ಅದೂ ಪೂರ್ತಿ ಬೇಕಾಗ್ಲಿಲ್ಲ."

"ಮತ್ತೆ ಮೂರು ವಾರ ಏನಪ್ಪಾ ಮಾಡ್ತಿದ್ದೆ?"

ಲಿಯಾಂಡರ್ ತನ್ನ ಫೋನು ತೆಗೆದು ತೋರಿಸಿದ. ಕಾರ್ಡು ಗಂಭೀರವಾಗಿ ಎದ್ದಿತು, ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ತುದಿಯಲ್ಲಿ ಮೂರು ಸಲ ಪುಟಿಯಿತು. ಕ್ಯಾಪ್ಟನ್ ಮೇಜಿನ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದರು. ಒಡೆಟ್ ಓಡಿಹೋಗಿ ಕಸದ ಬುಟ್ಟಿ ತಂದಳು. ಅದೃಷ್ಟಕ್ಕೆ ಬೇಕಾಗಲಿಲ್ಲ.

"ಇದನ್ನ ತೆಗೆದು ಸಮುದ್ರಕ್ಕೆ ಹಾಕು" ಎಂದರು ಕ್ಯಾಪ್ಟನ್, ಮುಖಕ್ಕೆ ಬಣ್ಣ ಮರಳಿದ ಮೇಲೆ. "ನನ್ನ ಫೋನಲ್ಲಿ ಬಂದ ಹಾಗೇ ಎಲ್ರಿಗೂ ಬರ್ಲಿ. ಇನ್ನೆಷ್ಟು ಪರದೆ ಬಾಕಿ ಇದೆ ಡೂಗಲ್ಡ್?"

"ಹದಿನೆಂಟು, ಕ್ಯಾಪ್ಟನ್. ಏಪ್ರಿಲ್ ಕೊನೆಗೆ..."

"ಏಪ್ರಿಲ್ ಯಾಕ್ರೀ? ನಿಮ್ಮವನೇ ಹೇಳಿದ್ನಲ್ಲ. ಒಂದಕ್ಕೆ ಐದು ನಿಮಿಷ. ಹದಿನೆಂಟಕ್ಕೆ ಒಂದೂವರೆ ಗಂಟೆ." ಗೋಡೆಯ ಗಡಿಯಾರ ನೋಡಿದರು. ಮೂರೂ ನಲವತ್ತು. "ಐದೂ ಹತ್ತಕ್ಕೆ ಮುಗಿಯುತ್ತೆ."

"ಕ್ಯಾಪ್ಟನ್, ಅದು ಹಾಗಲ್ಲ. ಆ ಎರಡು ಸಾಲು ಬೇರೆ, ಪರದೆ ಬೇರೆ..." ಎಂದು ಲಿಯಾಂಡರ್ ತೊದಲಿದ.

"ಯಾರನ್ನೂ ಕೇಳ್ದೆ ಬರೀತಾನೆ ಕ್ಯಾಪ್ಟನ್, ಅದೇ ಇವನ ಗುಣ" ಎಂದು ಡೂಗಲ್ಡ್ ಅವನ ಬೆನ್ನು ತಟ್ಟಿದ. "ನಾವು ಯಾರೂ ತಲೆ ಹಾಕಲ್ಲ." ಒಡೆಟ್ ಆಗಲೇ ಕೋಟು ಹಾಕಿಕೊಂಡಿದ್ದಳು. ಗಾರ್ನೆಟ್ ಮೆಟ್ಟಿಲ ಮೇಲಿದ್ದ.

ಕ್ಯಾಪ್ಟನ್ ಒಂದು ಕುರ್ಚಿ ಎಳೆದುಕೊಂಡು ಲಿಯಾಂಡರನ ಪಕ್ಕದಲ್ಲಿ ಭದ್ರವಾಗಿ ಕೂತರು. ಚೀಲದಿಂದ ಅರ್ಧ ಹೆಣೆದ ಕಾಲುಚೀಲ ತೆಗೆದರು. ಕೈಗಡಿಯಾರ ಬಿಚ್ಚಿ ಅವನ ಕೀಬೋರ್ಡಿನ ಪಕ್ಕದಲ್ಲಿಟ್ಟರು.

"ಹೂಂ, ಶುರು ಮಾಡಪ್ಪಾ. ಮೊದಲನೇದರಲ್ಲಿ ಆಗ್ಲೇ ಎರಡು ನಿಮಿಷ ಹೋಯ್ತು."