ಅಂಗಡಿಗಿಂತ ಎತ್ತರಕ್ಕೆ ಬೆಳೆದ ರಸ್ತೆರಾಯರಿಗೆ

ಸಾಂಗಲಿ ಪೇಟೆಯಲ್ಲಿ ನಮ್ಮ ಅಂಗಡಿಯ ಮುಂದೆ ಸದಾ ಪವಡಿಸಿರುವ, ಮಲಗಿದಲ್ಲೇ ಬೆಳೆಯುತ್ತಿರುವ ಮಾನ್ಯ ರಸ್ತೆರಾಯರೇ,

ತಮ್ಮ ಪಾದಗಳಿಗೆ ಶರಣೆಂದು ಬರೆಯಬೇಕಿತ್ತು. ಪಾದ ಯಾವ ಪದರದ ಕೆಳಗಿದೆಯೋ ತಿಳಿಯದ್ದರಿಂದ ನೇರವಾಗಿ ತಲೆಗೇ ನಮಸ್ಕರಿಸುತ್ತಿದ್ದೇನೆ. ನಾನು ಸಿದ್ಧೇಶ್ವರ. ಅಜ್ಜನ ಕಾಲದಿಂದ ತಮ್ಮ ಬದಿಯಲ್ಲಿ ಇಳಕಲ್ಲ ಸೀರೆ, ಖಣ ಮಾರುತ್ತಿರುವ ಮನೆತನದವನು.

ಹಳೆಯದನ್ನು ಕೆರೆದು ತೆಗೆಯುವುದು ತಮ್ಮ ಘನತೆಗೆ ಕುಂದೆಂದು ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು, ಅದೂ ಚಂದ ಕಾಣಲಿಲ್ಲವೆಂದು ಮೇಲೆ ಬಣ್ಣಬಣ್ಣದ ಬ್ಲಾಕುಗಳನ್ನು ಹೊದಿಸಿ ತಮ್ಮನ್ನು ಬೆಳೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾಣಂತಿಗೂ ಯಾರೂ ಇಷ್ಟು ಹೊದಿಸುವುದಿಲ್ಲ. ಅಜ್ಜ ಕಟ್ಟಿಸಿದ ಮೂರು ಮೆಟ್ಟಿಲುಗಳು ಒಂದೊಂದಾಗಿ ತಮ್ಮ ಹೊಟ್ಟೆ ಸೇರಿ, ಹತ್ತಿ ಬರುತ್ತಿದ್ದ ಅಂಗಡಿಗೆ ಈಗ ಎರಡು ಮೆಟ್ಟಿಲು ಇಳಿದು ಬರಬೇಕಾಗಿದೆ.

ಇದರಿಂದಾದ ಉಪಕಾರಗಳನ್ನು ಮರೆತರೆ ನಾನು ಕೃತಘ್ನನಾದೇನು. ಬಾಗಿಲಿನ ಪಟ್ಟಿ ತಲೆಗೆ ಬಡಿಯದಿರಲೆಂದು ಗಿರಾಕಿಗಳೆಲ್ಲ ನನ್ನೆದುರು ಬಗ್ಗಿಯೇ ಬರುತ್ತಾರೆ. ಮೂವತ್ತು ವರ್ಷ ಪ್ರಾಮಾಣಿಕವಾಗಿ ವ್ಯಾಪಾರ ಮಾಡಿದರೂ ಈ ಮರ್ಯಾದೆ ಸಿಕ್ಕಿರಲಿಲ್ಲ. ಗಾದಿಯ ಮೇಲೆ ಕುಳಿತರೆ ಹೊರಗೆ ಹೋಗುವವರ ಚಪ್ಪಲಿಗಳಷ್ಟೇ ಕಾಣುವುದರಿಂದ ಊರಿನ ಅರ್ಧ ಜನರನ್ನು ಹಿಮ್ಮಡಿಯಿಂದಲೇ ಗುರುತಿಸಬಲ್ಲೆ. ಹಿಂದೆ ಕೃಷ್ಣೆಗೆ ಮಹಾಪೂರ ಬಂದಾಗಷ್ಟೇ ನಮಗೆ ನೀರಿನ ಭಾಗ್ಯವಿತ್ತು; ಈಗ ಎದುರಿನ ಚಹಾದಂಗಡಿಯವರು ಒಂದು ಬಕೆಟ್ಟು ಚೆಲ್ಲಿದರೂ ಸಾಕು, ಸೀರೆಯ ಗಂಟುಗಳನ್ನು ಗೋಡೆಗೆ ಬಡಿದ ಮೇಲಿನ ಹಲಗೆಯ ಫಳಿಗೆ ಏರಿಸುತ್ತೇವೆ.

ನನ್ನ ದೂರು ಒಂದೇ. ನಮ್ಮವ್ವ ನೀಲಾಬಾಯಿಗೆ ಎಂಬತ್ತೊಂದು ವರ್ಷ. ಯಾವ ಮೈಬಣ್ಣಕ್ಕೆ ಯಾವ ದಡಿ ಒಪ್ಪುತ್ತದೆಂದು ಹೇಳಲು ದಿನಾ ಮಧ್ಯಾಹ್ನ ಬಂದು ಗಾದಿಯ ಮೇಲೆ ಕೂರುತ್ತಿದ್ದವಳು ಬ್ಲಾಕು ಹಾಸಿದ ದಿನದಿಂದ ಬಂದಿಲ್ಲ. ಸತ್ತವರನ್ನು ಕುಣಿಯಲ್ಲಿ ಕೂರಿಸಿ ಮಣ್ಣು ಕೊಡುವ ಪದ್ಧತಿ ನಮ್ಮದು. ಕೈಹಿಡಿದು ಇಳಿಸುತ್ತೇನೆಂದಾಗ ಅವ್ವ ರಸ್ತೆಯಲ್ಲೇ ನಿಂತು, "ಕುಣಿಯಾಗ ಇಳಿಯೂದು ಒಂದಿನಾ ಇದ್ದೇ ಐತಿ, ದಿನಾ ಯಾಕ ಇಳೀಲೆಪಾ?" ಎಂದು ತಿರುಗಿ ಹೋದಳು.

ಮೊನ್ನೆ ಕುಪವಾಡದ ಕಾರಖಾನೆಯಲ್ಲಿ ದುಡಿಯುವ ಕಾಡವ್ವ ಮಗಳ ಮದುವೆಗೆ ಸೀರೆ ಕೊಳ್ಳಲು ಬಂದವಳು, ನಾನು ಬಿಚ್ಚಿ ತೋರಿಸಿದ ಹನ್ನೊಂದು ಸೀರೆಗಳನ್ನು ತಾನೇ ಮಡಿಚಿಟ್ಟು, ಅವ್ವಾರು ಬಂದ ಮೇಲೆ ಬರುತ್ತೇನೆಂದು ಹೋದಳು. ಖಾಲಿ ಗಾದಿಯನ್ನು ನೋಡಿದರೆ ನನಗೂ ಬಾಗಿಲು ತೆರೆಯುವ ಮನಸ್ಸಾಗುವುದಿಲ್ಲ. ಬರುವ ದೀಪಾವಳಿ ಪಾಡ್ಯದ ಅಂಗಡಿ ಪೂಜೆ ಅವಳಿಲ್ಲದೆ ನಡೆಯುವ ಮೊದಲ ಪೂಜೆಯಾಗಲಿದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಪಾಡ್ಯದ ಬೆಳಿಗ್ಗೆ ಹದಿನೈದು ನಿಮಿಷದ ಮಟ್ಟಿಗೆ ಉಸಿರು ಬಿಗಿಹಿಡಿದು ಮೂರಡಿ ಕುಗ್ಗಬೇಕು. ಅವ್ವ ಹತ್ತಿ ಒಳಗೆ ಬಂದ ಕೂಡಲೇ ತಾವು ಮತ್ತೆ ಉಬ್ಬಿಕೊಳ್ಳಬಹುದು, ನಮ್ಮ ಆಕ್ಷೇಪಣೆಯಿಲ್ಲ.

ಎರಡು ಮೆಟ್ಟಿಲು ಕೆಳಗಿನಿಂದ ಕತ್ತೆತ್ತಿ ಬರೆದಿರುವ
ತಮ್ಮ ವಿಶ್ವಾಸಿ,
ಸಿದ್ಧೇಶ್ವರ

ತಾ.ಕ.: ತಮ್ಮನ್ನು ಸ್ವಲ್ಪ ಅಗೆಯಲು ಪರವಾನಗಿ ಕೇಳಿದ್ದೆ. ಹೊಸ ರಸ್ತೆಯನ್ನು ಅಗೆಯುವಂತಿಲ್ಲ, ಆದರೆ ನಾಗರಿಕರಿಂದ ಲಿಖಿತ ದೂರು ಬಂದರೆ ಮೇಲೊಂದು ಪದರ ತಪ್ಪದೆ ಹಾಕಿಸುತ್ತೇವೆಂದು ಸಂಬಂಧಪಟ್ಟವರು ಭರವಸೆ ಕೊಟ್ಟಿದ್ದಾರೆ. ಹೀಗಾಗಿ ಈ ಬಹಿರಂಗ ಪತ್ರವನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ.