ಎರಡನೇ ಗೇರು ಬೀಳದ ಕಾರು

ನನ್ನ ಅಂಗಡಿಗೆ ಎಣ್ಣೆ ಕೊಳ್ಳಲು ಬರುವವರಿಗಿಂತ ಎಣ್ಣೆಯ ಬಗ್ಗೆ ನನಗೆ ತಿಳಿಸಿ ಹೋಗಲು ಬರುವವರೇ ಹೆಚ್ಚು. ಅದರಲ್ಲೂ ಗೇರ್ ಎಣ್ಣೆ ಎಂದರೆ ಮುಗಿಯಿತು. ಎಂಜಿನ್ ಎಣ್ಣೆಯನ್ನು ಕಡ್ಡಿ ಎಳೆದು ನೋಡಬಹುದು, ಬ್ರೇಕ್ ಎಣ್ಣೆ ಅದರ ಡಬ್ಬಿಯಲ್ಲೇ ಕಾಣುತ್ತದೆ. ಗೇರ್ ಎಣ್ಣೆ ಒಮ್ಮೆ ಒಳಗೆ ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ್ದರ ಬಗ್ಗೆ ಎಲ್ಲರಿಗೂ ಗಟ್ಟಿ ಅಭಿಪ್ರಾಯ ಇರುತ್ತದೆ. ಹದಿನಾರು ವರ್ಷದಿಂದ ಚಿಕ್ಕೋಡಿಯಲ್ಲಿ ಕೂತು ಇಂಥವನ್ನು ಕೇಳುತ್ತ ನಗುತ್ತ ಬಂದಿದ್ದೇನೆ. ಹೋದ ಚಳಿಗಾಲದ ಒಂದು ವಾರ ಮಾತ್ರ ನನಗೆ ಕೂರಲೂ ಆಗಲಿಲ್ಲ, ನಗಲೂ ಆಗಲಿಲ್ಲ. ಈಗ ನಗು ಬರುತ್ತದೆ.

೧. ದೇವರ ಜಗಲಿಯ ಪುಸ್ತಕ

ನಾನು ಸಾಲೆ ಕಲಿತದ್ದು ಏಳನೇ ಇಯತ್ತೆಯವರೆಗೆ. ಆಮೇಲೆ ಬೀಡಿ ಕಟ್ಟಿದೆ. ಬೀಡಿ ಬಿಟ್ಟು, ಹತ್ತು ಡಬ್ಬಿ ಎಣ್ಣೆ ಇಟ್ಟು ಅಂಗಡಿ ತೆರೆದ ಮೇಲೆ ಡಬ್ಬಿಯ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದುತ್ತ ಕೂತೆ. ಅದು ತಿಳಿಯತೊಡಗಿದಾಗ ಕಾರಿನ ಜೊತೆ ಕೊಡುವ ಪುಸ್ತಕಕ್ಕೆ ಕೈ ಹಾಕಿದೆ. ಈ ಭಾಗದಲ್ಲಿ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ನಾನೊಬ್ಬಳೇ ಇರಬೇಕು. ಜಂಬ ಅಂದರೂ ಅನ್ನಿ. ಹಾಗಾಗಿ ನನ್ನ ಅಂಗಡಿಯಲ್ಲಿ ಒಂದೇ ಕಾಯ್ದೆ: ಕಾರಿನ ಪುಸ್ತಕ ತೋರಿಸದೆ ಗೇರ್ ಎಣ್ಣೆ ಸಿಗುವುದಿಲ್ಲ.

ದೀಪಾವಳಿ ಹೊತ್ತಿಗೆ ಅಂಕಲಿಯ ಒಬ್ಬ ಮಾಸ್ತರರು ತಮ್ಮ ಸಣ್ಣ ಬಿಳಿ ಕಾರಿಗೆ ಗೇರ್ ಎಣ್ಣೆ ಬೇಕೆಂದು ಬಂದರು. ಪುಸ್ತಕ ಕೇಳಿದೆ. ಮನೆಗೆ ಹೋಗಿ ದೇವರ ಜಗಲಿಯ ಮೇಲಿಂದ ತಂದರು. ಕಾರಿನ ಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಏರಿಸಿ ಇಟ್ಟಿದ್ದರಂತೆ. ಮೇಲಿನ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ನಾನು ಚರ್ರನೆ ಹರಿದಾಗ ಮಾಸ್ತರರ ಮುಖ, ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆಯ ಸೀಲು ಒಡೆದದ್ದನ್ನು ಕಂಡ ಹಾಗಾಯಿತು.

ಪುಸ್ತಕದಲ್ಲಿ ತೆಳುವಾದ ಎಣ್ಣೆ ಬರೆದಿತ್ತು, ಜಿಎಲ್ ನಾಲ್ಕು ಎಂಬ ದರ್ಜೆಯದು. ಲಾರಿಗೆ ಹಾಕುವುದು ತೊಂಬತ್ತು ನಂಬರಿನ ದಪ್ಪ ಎಣ್ಣೆ, ಜಿಎಲ್ ಐದು. ಅದನ್ನು ಇಂಥ ಕಾರಿಗೆ ಸುರಿದರೆ ಚಳಿಯ ಮುಂಜಾನೆ ಗೇರು ಬೀಳುವುದಿಲ್ಲ, ಒಳಗಿನ ಹಿತ್ತಾಳೆ ಬಳೆಗಳೂ ಸವೆಯುತ್ತವೆ. ಪುಸ್ತಕ ಹೇಳಿದ್ದನ್ನೇ ಎರಡು ಡಬ್ಬಿ ಕೊಟ್ಟೆ. ಮಾಸ್ತರರು ಅವನ್ನು ನಮ್ಮ ಸಾಲಿನಲ್ಲೇ ಗ್ಯಾರೇಜು ಇಟ್ಟಿರುವ ಮಿಸ್ತ್ರಿಯ ಕೈಗೆ ಕೊಟ್ಟು ಹಾಕಿಸಿಕೊಂಡು ಹೋದರು.

ಎರಡು ತಿಂಗಳು ಕಳೆದು, ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿ ಇದ್ದಾಗ, ತಿರುಗಿ ಬಂದರು. ಮುಂಜಾನೆ ಎರಡನೇ ಗೇರು ಬೀಳುವುದಿಲ್ಲವಂತೆ. ಮಿಸ್ತ್ರಿಯನ್ನು ಕೇಳಿದರೆ, ಅಕ್ಕಾರು ಕೊಟ್ಟದ್ದು ಎಣ್ಣೆಯಲ್ಲ ನೀರು, ಇನ್ನೇನು ಗೇರ್ ಪೆಟ್ಟಿಗೆಯೇ ಇಳಿಸಬೇಕು ಅಂದನಂತೆ.

ನನಗೆ ಕಿವಿಯವರೆಗೆ ಬಿಸಿ ಏರಿತು. ನನ್ನ ಬಳಿ ಇರುವುದು ಒಂದೇ ಬಂಡವಾಳ, ನಾನು ಹೇಳಿದ ಎಣ್ಣೆ ತಪ್ಪುವುದಿಲ್ಲ ಎಂಬ ಮಾತು. ಎಲ್ಲರೂ ಕೇಳುವ ಹಾಗೆ ಹೇಳಿಬಿಟ್ಟೆ: "ಸರ್ರ, ನನ್ನ ಎಣ್ಣಿಯಿಂದ ಹಿಂಗಾಗಿದ್ರ ಅಂಗಡಿ ಬೋರ್ಡ ನನ್ನ ಕೈಯಾರ ಇಳಸ್ತೀನಿ."

ಮಾಸ್ತರರು ಗಾಬರಿಯಾದರು. "ಅಷ್ಟ ದೂರ ಹೋಗಬ್ಯಾಡ್ರಿ ಅಕ್ಕಾರ. ನಾ ಒಂದರಾಗ ಹೊಂಟು ಸೀದಾ ಮೂರಕ್ಕ ಹಾಕ್ತೀನಿ. ನಮ್ಮ ಸಾಲ್ಯಾಗೂ ಕೆಲವ ಹುಡುಗರನ್ನ ಹಂಗ ದಾಟಿಸಿ ಕಳಸ್ತೀವಿ."

೨. ಬಣ್ಣ ಹೊಂದಬೇಕು

ಸಂಜೆಯೊಳಗೆ ಅಂಗಡಿ ಸಾಲಿಗೆಲ್ಲ ಸುದ್ದಿ ಹಬ್ಬಿತು. ಮರುದಿನ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಡಬ್ಬಿಗಳನ್ನು ಮೇಲಿನ ಹಲಗೆಯಿಂದ ಕೆಳಗೆ ಇಟ್ಟೆ, ಕೆಳಗಿನವನ್ನು ಮೇಲಕ್ಕೆ ಇಟ್ಟೆ. ಆಗ ರಾಯಬಾಗ ಕಡೆಯ ಗಿರಾಕಿಯೊಬ್ಬ ಬಂದು, ಗೇರ್ ಎಣ್ಣೆ ಬೇಕು, ಆದರೆ ಇಲ್ಲಿ ಗಂಡಸರು ಯಾರೂ ಇಲ್ಲವೇ ಎಂದ. ಬೇರೆ ದಿನವಾದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಸುಮ್ಮನೆ ಬಾಜೂಕಿನ ಹೊಲಿಗೆ ಯಂತ್ರದ ಕಡೆ ಬೆರಳು ತೋರಿಸಿದೆ. ಅಲ್ಲಿ ಕೂತವರು ನಮ್ಮ ಮನೆಯವರು. ಮೂವತ್ತು ವರ್ಷದಿಂದ ದರ್ಜಿ. ಅವರಿಗೆ ಕಾರಿನ ಬಾಗಿಲು ಎತ್ತ ಎಳೆದರೆ ತೆರೆಯುತ್ತದೆ ಎಂಬುದೂ ಗೊತ್ತಿಲ್ಲ.

ಗಿರಾಕಿ ಅವರ ಎದುರು ಕೈಕಟ್ಟಿ ನಿಂತು, ಯಾವ ಎಣ್ಣೆ ಒಳ್ಳೇದು ಎಂದು ಕೇಳಿದ. ಇವರು ಕನ್ನಡಕ ಏರಿಸಿ ನಿಧಾನವಾಗಿ ರಸ್ತೆಯಲ್ಲಿದ್ದ ಕಾರು ನೋಡಿದರು, ಆಮೇಲೆ ಹಲಗೆಯ ಮೇಲಿನ ಡಬ್ಬಿ ನೋಡಿದರು. "ಗಾಡಿ ನೀಲಿ ಐತಿ. ಅದಕ್ಕ ಆ ಹಳದಿ ಡಬ್ಬಿ ಒಪ್ಪತೈತ್ರಿ," ಅಂದರು.

ಗಿರಾಕಿ ಸಂತೋಷದಿಂದ ತಲೆಯಾಡಿಸಿ ನನ್ನ ಬಳಿ ಬಂದು ಹಳದಿ ಡಬ್ಬಿ ಕೇಳಿದ. ಅದು ಟ್ರ್ಯಾಕ್ಟರಿನ ಎಣ್ಣೆ, ಕೊಡುವುದಿಲ್ಲ, ಪುಸ್ತಕ ತೋರಿಸು ಅಂದೆ. ಅವನು ಸಿಟ್ಟಿನಿಂದ ನನ್ನ ಗಂಡನಿಗೆ ಹೇಳಿದ: "ನೀವು ಇಷ್ಟ ತಿಳದವರು, ಇಂಥಾಕಿನ್ನ ಯಾಕ ಅಂಗಡ್ಯಾಗ ಕೂಡ್ಸೀರಿ?"

೩. ನಿಪ್ಪಾಣಿಯ ಖಾತ್ರಿ

ದೂರು ತಂದ ದಿನ ಮಾಸ್ತರರು ಹೋಗುವ ಮುಂಚೆಯೇ ನಾನು ಸೀರೆಗೆ ಕಚ್ಚೆ ಹಾಕಿ ಅವರ ಕಾರಿನ ಕೆಳಗೆ ತೂರಿ, ಗೇರ್ ಪೆಟ್ಟಿಗೆಯ ಬೋಲ್ಟು ಸಡಿಲಿಸಿ ಒಂದು ಸಣ್ಣ ಬಾಟಲಿ ತುಂಬ ಎಣ್ಣೆ ಹಿಡಿದುಕೊಂಡಿದ್ದೆ. ಬಂದದ್ದು ಕಪ್ಪು ಎಣ್ಣೆ. ನನ್ನದಕ್ಕಿಂತ ದಪ್ಪ ಇದೆ ಎಂದರೆ, ಓಡಿದ ಎಣ್ಣೆ ದಪ್ಪ ಆಗಿಯೇ ಆಗುತ್ತದೆ ಎಂದು ಮಿಸ್ತ್ರಿ ವಾದ ಹಾಕಿದ. ಇದು ನನ್ನ ಎಣ್ಣೆ ಅಲ್ಲ ಎಂದು ಬೇರೆ ಯಾರಾದರೂ ಹೇಳಬೇಕಿತ್ತು.

ಸ್ಕೂಟರ್ ಹತ್ತಿ ನಿಪ್ಪಾಣಿಗೆ ಹೋದೆ. ಅಲ್ಲಿ ಗೇರ್ ಪೆಟ್ಟಿಗೆಯ ಕೆಲಸಕ್ಕೇ ಹೆಸರಾದ ಒಬ್ಬ ಹಿರಿಯ ಮಿಸ್ತ್ರಿ ಇದ್ದಾನೆ. ಬಾಯಿ ತುಂಬ ತಂಬಾಕು, ಆದ್ದರಿಂದ ಮಾತು ಕಡಿಮೆ, ಕೈಸನ್ನೆ ಹೆಚ್ಚು. ಬಾಟಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದ. ಎರಡು ಹನಿ ಬೆರಳಿಗೆ ಹಚ್ಚಿ ತಿಕ್ಕಿದ. ಒಂದು ಹನಿ ಕಾಗದದ ಮೇಲೆ ಬಿಟ್ಟು ಅದು ಹರಡುವುದನ್ನೇ ನೋಡುತ್ತ ಕೂತ. ನಾನು ಎದ್ದು ಬಾಗಿಲವರೆಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ತರಿಸಿದ ಚಹಾ ಆರಿ ಕೆನೆಗಟ್ಟಿತು. ಅರ್ಧ ತಾಸಾದ ಮೇಲೆ ಅವನು ಹೊರಗೆ ಹೋಗಿ ಉಗುಳಿ ಬಂದು, ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟ.

"ವೈನಿ, ಒಂದ ಮಾತ ಪಕ್ಕಾ ಹೇಳ್ತೀನಿ. ಇದು ನಾ ಹಾಕಿದ್ದಲ್ಲ."

೪. ಅಥಣಿ ಬಸ್ಸಿನ ಔಷಧ

ಅಥಣಿಯಲ್ಲಿ ಒಬ್ಬ ನಿವೃತ್ತ ಲಾರಿ ಡ್ರೈವರ್ ಇದ್ದಾನೆ, ಎಣ್ಣೆಯನ್ನು ನಾಲಗೆಯಿಂದ ಗುರುತಿಸುತ್ತಾನೆ ಎಂದು ಯಾರೋ ಹೇಳಿದರು. ಮರುದಿನವೇ ಬಸ್ಸು ಹತ್ತಿದೆ. ಬಾಟಲಿಯನ್ನು ಚೀಲದಲ್ಲಿಟ್ಟರೆ ಸೋರೀತು, ಕೈಯಲ್ಲಿ ಹಿಡಿದರೆ ಬಿದ್ದೀತು. ಎರಡೆರಡು ನಿಮಿಷಕ್ಕೆ ತೆಗೆಯುವುದು, ಮುಚ್ಚಳ ಬಿಗಿ ಮಾಡುವುದು, ಒಳಗಿಡುವುದು. ಬಾಜೂಕ್ಕೆ ಕೂತಿದ್ದ ಉಗಾರ ಬುದ್ರುಕದ ಮುದುಕಿ ಇದನ್ನು ನೋಡಿ ನೋಡಿ, ಇಷ್ಟು ಜೋಪಾನ ಮಾಡುವ ಎಣ್ಣೆ ಯಾವ ವೈದ್ಯನದು ಎಂದು ಕೇಳಿದಳು. ಗೇರಿಂದು ಅಂದೆ. ಆ ಊರು ತಾನು ಕೇಳಿಲ್ಲ, ಆದರೂ ಸ್ವಲ್ಪ ಕೊಡು ಅಂದಳು.

ಬೇಡ ಬೇಡ ಅನ್ನುವುದರೊಳಗೆ ಬಾಟಲಿ ಅವಳ ಕೈ ಸೇರಿ, ಸೀರೆ ಮೊಣಕಾಲಿನವರೆಗೆ ಏರಿ, ನನ್ನ ಸಾಕ್ಷಿಯ ಅರ್ಧ ಪಾಲು ಎಡಗಾಲಿಗೆ ಉಜ್ಜಲ್ಪಟ್ಟಿತು. ಬಲಗಾಲಿಗೆ ಹೋಗುವ ಮೊದಲು ಕಸಿದುಕೊಂಡೆ. ಉಗಾರದಲ್ಲಿ ಅವಳು ಯಾರ ಆಸರೆಯೂ ಇಲ್ಲದೆ ಟಪಟಪ ಇಳಿದು ಹೋದಳು. ಕಂಡಕ್ಟರ್ ಅವಳು ಹೋದ ದಿಕ್ಕನ್ನೇ ನೋಡಿ, ನನ್ನತ್ತ ತಿರುಗಿ, ಮೆಲ್ಲಗೆ ತೋಳು ಮಡಿಸಿ ತನ್ನ ಮೊಣಕೈ ಮುಂದೆ ಚಾಚಿದ.

೫. ನಾಲಗೆಯ ಸಾಕ್ಷಿ

ಲಾರಿ ಡ್ರೈವರ್ ಒಂದು ಟೈರಿನ ಅಂಗಡಿಯ ಕಟ್ಟೆಯ ಮೇಲೆ ಸಿಕ್ಕ. ವಯಸ್ಸಾದ, ಗಂಭೀರ ಮನುಷ್ಯ. ಉಳಿದ ಎಣ್ಣೆಯಲ್ಲಿ ಕಿರುಬೆರಳು ಅದ್ದಿ ನಾಲಗೆಯ ತುದಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ.

"ಇದು ಲಾರಿ ಎಣ್ಣಿ. ತೊಂಬತ್ತ ನಂಬರ್," ಅಂದ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹಾಗಾದರೆ ಮಿಸ್ತ್ರಿ ನನ್ನ ಡಬ್ಬಿ ಬದಿಗಿಟ್ಟು ಬೇರೆ ಎಣ್ಣೆ ಸುರಿದಿದ್ದಾನೆ. ಅಂಕಲಿಗೆ ಬಂದು ಇದನ್ನೇ ಮಾಸ್ತರರ ಎದುರು ಹೇಳಬೇಕು ಎಂದು ಕೈಮುಗಿದು ಕೇಳಿಕೊಂಡೆ. ಹೇಳಲಿಕ್ಕೇನು, ಬರುತ್ತೇನೆ ಅಂದ. ಖುಷಿಯಿಂದ ಚಹಾ ತರಿಸಿದೆ. ಅವನು ಒಂದು ಗುಟುಕು ಕುಡಿದು, ಮತ್ತೆ ಕಣ್ಣು ಮುಚ್ಚಿ, ಅಷ್ಟೇ ಗಂಭೀರವಾಗಿ ತಲೆಯಾಡಿಸಿದ.

"ಇದೂ ಲಾರಿ ಎಣ್ಣಿನ."

೬. ಆಯಿಯ ಪಂಚಾಯತಿ

ಸಾಕ್ಷಿದಾರನನ್ನು ಅಥಣಿಯಲ್ಲೇ ಬಿಟ್ಟು ಬಂದೆ. ಆದರೆ ಅವನು ಹಚ್ಚಿದ ಸಂಶಯ ನನ್ನ ಜೊತೆ ಬಂತು. ಮರುದಿನ ಮುಂಜಾನೆ ಅಂಗಡಿಯಿಂದ ಒಂದು ಡಬ್ಬಿ ಲಾರಿ ಎಣ್ಣೆ, ಒಂದು ಡಬ್ಬಿ ಮಾಸ್ತರರಿಗೆ ಕೊಟ್ಟಿದ್ದಂಥ ಎಣ್ಣೆ ಸ್ಕೂಟರಿಗೆ ಕಟ್ಟಿಕೊಂಡು ಅಂಕಲಿಗೆ ಹೋದೆ. ಏನು ಮಾಡಬೇಕೆಂದು ನನಗೇ ಗೊತ್ತಿರಲಿಲ್ಲ, ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ ಅಷ್ಟೇ. ನೋಡಿದರೆ ಅಂಗಳದಲ್ಲಿ ಮಿಸ್ತ್ರಿಯೂ ಇದ್ದ. ಗೇರ್ ಪೆಟ್ಟಿಗೆ ಇಳಿಸುವ ಮಾತಾಡಲು ತನ್ನ ಕಾರು ತೆಗೆದುಕೊಂಡು ಬಂದಿದ್ದ.

ಕಟ್ಟೆಯ ಮೇಲೆ ಮಾಸ್ತರರ ತಾಯಿ ಕಡಲೆ ಆರಿಸುತ್ತ ಕೂತಿದ್ದರು. ಊರಿಗೆಲ್ಲ ಅವರು ಆಯಿ. ಜೈನರ ಮನೆ, ಆಯಿ ಹುಟ್ಟಿದಾಗಿನಿಂದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಅಂದರೆ ಈರುಳ್ಳಿ ಬೆಳ್ಳುಳ್ಳಿ, ಬಾಯಿಗೆ ಇಟ್ಟವರಲ್ಲ. ಬಂದ ಕಾರಣ ಕೇಳಿದರು, ಹೇಳಿದೆ. ಅವರು ಮಗನ ಕಡೆ ತಿರುಗಿ, ದೀಪಾವಳಿಗೆ ರಿಪೇರಿಯಾಗಿ ಬಂದಾಗಿನಿಂದ ಗಾಡಿ ಬಳ್ಳೊಳ್ಳಿ ನಾರುತ್ತದೆ ಎಂದು ಬಡಕೊಂಡೆ, ಯಾರು ಕೇಳಿದಿರಿ ಎಂದರು. ಅದಕ್ಕೇ ಅವರು ಆ ಕಾರು ಹತ್ತುವುದನ್ನೂ ಬಿಟ್ಟಿದ್ದರಂತೆ. ಮಾಸ್ತರರು ನನ್ನತ್ತ ನೋಡಿ, ವಯಸ್ಸಾಗಿದೆ ಎಂಬಂತೆ ಕಣ್ಣು ಮಿಟುಕಿಸಿದರು.

ನಾನು ಮಾತ್ರ ನಿಂತಲ್ಲೇ ನಿಂತೆ. ಲಾರಿಯ ಆ ದಪ್ಪ ಎಣ್ಣೆಗೆ ಗಂಧಕದ ಮದ್ದು ಹೆಚ್ಚು ಬೆರೆಸಿರುತ್ತಾರೆ, ವಾಸನೆ ಬಳ್ಳೊಳ್ಳಿಯ ಹಾಗೆ ಘಾಟು ಎಂದು ಎಷ್ಟೋ ಸಲ ಓದಿದ್ದೆ. ಹದಿನಾರು ವರ್ಷ ಎಣ್ಣೆಯಲ್ಲೇ ಇದ್ದು ನನ್ನ ಮೂಗಿಗೆ ಎಲ್ಲವೂ ಒಂದೇ ಆಗಿತ್ತು. ಓದಿದ್ದು ತಲೆಯಲ್ಲೇ ಉಳಿದು, ಮೂಗಿನವರೆಗೆ ಇಳಿದಿರಲಿಲ್ಲ.

ಮೂರು ತೆಂಗಿನ ಚಿಪ್ಪು ಕೇಳಿ ತೆಗೆದುಕೊಂಡೆ. ಒಂದರಲ್ಲಿ ಹೊಸ ಲಾರಿ ಎಣ್ಣೆ, ಒಂದರಲ್ಲಿ ನನ್ನ ತೆಳು ಎಣ್ಣೆ, ಒಂದರಲ್ಲಿ ಕಾರಿನಿಂದ ತೆಗೆದು ಮುದುಕಿಯ ಮೊಣಕಾಲಿಗೆ ಹೋಗಿ ಉಳಿದ ಎಣ್ಣೆ. ಆಯಿ ಸೆರಗಿನಿಂದ ಕಣ್ಣು ಕಟ್ಟಿಕೊಂಡರು. ಒಂದೊಂದನ್ನೇ ಮಾರುದ್ದ ದೂರದಲ್ಲಿ ಹಿಡಿದೆ.

"ಇದು ಬಳ್ಳೊಳ್ಳಿ. ಇದು ಅಲ್ಲ. ಇದು ಮತ್ತ ಬಳ್ಳೊಳ್ಳಿ, ಮೊದಲಿಂದರ ತಮ್ಮ," ಅಂದರು.

ಚಿಪ್ಪುಗಳನ್ನು ಅದಲುಬದಲು ಮಾಡಿ ಮೂರು ಸಲ ಕೇಳಿದೆ. ಮೂರು ಸಲವೂ ಲಾರಿ ಎಣ್ಣೆ ಮತ್ತು ಕಾರಿನ ಎಣ್ಣೆ ಅಣ್ಣತಮ್ಮಂದಿರು, ನನ್ನದು ಬೇರೆ ಮನೆಯದು.

ಮಿಸ್ತ್ರಿ ನಕ್ಕ. ಈ ವಯಸ್ಸಿನವರ ಮೂಗು ನಂಬಿ ಯಾರಾದರೂ ಗಾಡಿ ರಿಪೇರಿ ಮಾಡುತ್ತಾರೇನ್ರಿ ಸರ್ರ ಎಂದು ಮಾಸ್ತರರನ್ನು ಕೇಳಿದ. ಮಾಸ್ತರರೂ ಹೌದೆಂದು ತಲೆಯಾಡಿಸತೊಡಗಿದರು. ಆಯಿ ಕಣ್ಣು ಬಿಚ್ಚಲೇ ಇಲ್ಲ. ಮುಖವನ್ನು ಮಿಸ್ತ್ರಿಯ ದನಿ ಬಂದ ಕಡೆ ತಿರುಗಿಸಿ, ನೀ ಮುಂಜಾನೆ ತಿಂದದ್ದು ಥಾಲಿಪೆಟ್ಟು, ಮೇಲೆ ಬಳ್ಳೊಳ್ಳಿ ಚಟ್ನಿ ಅಂದರು. ಮಿಸ್ತ್ರಿ ಅಂಗೈ ಅಡ್ಡ ಹಿಡಿದು ಬಾಯಿ ಮುಚ್ಚಿಕೊಂಡ. ಆಮೇಲೆ ಮುಖ ಮಗನ ಕಡೆ ಹೊರಳಿತು.

"ಮತ್ತ ನೀ ನಿನ್ನೆ ಸಂಜೀಕ ಸದಲಗಾದಾಗ ಮೀಟಿಂಗ ಐತಿ ಅಂತ ಹೋದಿ. ಅಂಗಿ ಇನ್ನೂ ವಡಾಪಾವ್ ನಾರಾಕತ್ತೈತಿ."

ಐವತ್ತು ದಾಟಿದ ಮಾಸ್ತರರು ತಲೆ ತಗ್ಗಿಸಿ ನಿಂತರು. ಆ ಕ್ಷಣದಿಂದ ಅಂಗಳದಲ್ಲಿ ಆಯಿಯ ಮೂಗಿನ ಬಗ್ಗೆ ಯಾರಿಗೂ ಸಂಶಯ ಉಳಿಯಲಿಲ್ಲ.

ನಾನು ಮಿಸ್ತ್ರಿಗೆ ಒಂದೇ ಮಾತು ಕೇಳಿದೆ, ನನ್ನ ಎರಡು ಡಬ್ಬಿ ಎಲ್ಲಿ ಹೋದವು. ಅವನು ಅತ್ತಿತ್ತ ನೋಡಿದ, ಆಯಿ ಕಣ್ಣು ಕಟ್ಟಿಕೊಂಡೇ ತನ್ನತ್ತ ಮೂಗು ತಿರುಗಿಸಿ ಕೂತದ್ದು ನೋಡಿದ, ಕಡೆಗೆ ತನ್ನ ಕಾರಿನ ಕಡೆ ಕೈ ತೋರಿಸಿದ. ಅದೂ ಅದೇ ಕಂಪನಿಯ ಅಂಥದ್ದೇ ಕಾರು.

"ನೀರಿನಂಥಾ ಎಣ್ಣಿ, ಗಿರಾಕಿ ಗಾಡಿಗೆ ಯಾಕ ರಿಸ್ಕ ತಗೋಬೇಕು, ಮೊದಲ ನನ್ನದಕ್ಕ ಹಾಕಿ ನೋಡೂಣು ಅಂತ ಹಾಕೀನ್ರಿ," ಅಂದ.

ಆಯಿ ಸೆರಗು ಸರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತ, ನಿಂದರ ಎರಡನೇ ಗೇರ ಬೀಳತೈತೇನಪಾ?"

ಅವನು ಏನೇ ಇರಲಿ, ಕೈಕಸುಬಿನ ಮನುಷ್ಯ. ಎಣ್ಣೆಯ ವಿಷಯದಲ್ಲಿ ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲವೋ ಏನೋ, ಮುಖ ಅರಳಿತು.

"ಬೆಣ್ಣ್ಯಾಗ ಚೂರಿ ಇಟ್ಟಂಗ ಬೀಳತೈತ್ರಿ ಆಯಿ."